ದೀಪದ ಸನ್ನೆ

ಧರ್ಮಾಧರ್ಮಗಳ ವಿವೇಚನೆಯೆಂದರೆ ರಾಜ್ಯತ್ಯಾಗ, ಪ್ರಾಣತ್ಯಾಗ ಮೊದಲಾದ ಮಹಾಪ್ರಸಂಗಗಳಿಗೆ ಮಾತ್ರ ಸೇರಿದ್ದೆಂಬ ಭಾವನೆ ನಮ್ಮಲ್ಲಿ ಅನೇಕರಿಗೆ ಉಂಟು. ಆದರೆ ಅಂಥ ಪ್ರಸಂಗಗಳು ಸಾಮಾನ್ಯ ಮನುಷ್ಯನ ಬಾಳಿನಲ್ಲಿ ಒಮ್ಮೆ ಬಂದರೆ ಹೆಚ್ಚು. ದಿನದಿನವೂ ಬರತಕ್ಕವು ಬಹು ಸಣ್ಣ ಸಂಗತಿಗಳು. ಅವುಗಳ ವಿಷಯದಲ್ಲಿ ನಾವು ವಿಚಾರ ಮಾಡುವುದೇ ಇಲ್ಲ. ಕೈ ತಾನಾಗಿಯೇ ಮಾಡಿಬಿಡುತ್ತದೆ. ಅಂಥದೊಂದು ಸಣ್ಣ ಸಂಗತಿಯನ್ನು ವಾಚಕ ಮಹಾಶಯರ ಮುಂದಿಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ಮೋಟಾರಿನಲ್ಲಿ ಸಂಚರಿಸುವವರೆಲ್ಲರೂ ಬಲ್ಲ ಒಂದು ಸನ್ನೆಯಿದೆ. ಎದುರಿನಿಂದ ಬರುವ ಗಾಡಿಯವನು ತನ್ನ ದೀಪಗಳನ್ನು ಎರಡು ಮೂರು ಸಲ ಮಿನುಗಿಸುತ್ತಾನೆ. ದಾರಿ ಬಿಡೆಂಬ ಅರ್ಥದಲ್ಲಿಯೂ ಈ ಸನ್ನೆಯನ್ನು ಮಾಡುವುದುಂಟು. ಆದರೆ ರಸ್ತೆ ವಿಶಾಲವಾಗಿ, ಯಾರಿಗೂ ಯಾರೂ ಅಡ್ಡಿಯಿಲ್ಲದಿರುವಾಗ ಹಗಲಿನಲ್ಲಿ ದೀಪ ಮಿನುಗಿದರೆ ಅದರ ಅರ್ಥ ಒಂದೇ: “ಮುಂದೆ ಪೋಲೀಸಿನವರು ವೇಗವನ್ನು ಅಳೆಯುತ್ತ ನಿಂತಿದ್ದಾರೆ, ಎಚ್ಚರ.” ಸನ್ನೆ ಮಾಡಿದವನು ನಮ್ಮ ಪರಿಚಿತನಲ್ಲ. ಅವನಿಗೆ ನಮ್ಮಿಂದ ಯಾವ ಲಾಭವೂ ಇಲ್ಲ. ಮತ್ತೆಂದಿಗೂ ನಾವು ಅವನನ್ನು ಕಾಣುವುದಿಲ್ಲ. ಹೀಗಿದ್ದೂ ಅವನು ನಮ್ಮನ್ನು ದಂಡದಿಂದ ಪಾರುಮಾಡಲು ಬಯಸಿದನು. ಇದು ನಿಷ್ಕಾಮವಾದ ಉಪಕಾರವಲ್ಲವೆ? ಅಥವಾ ನ್ಯಾಯಕ್ಕೆ ಮಾಡಿದ ಅಪಕಾರವೆ?

ನಾನು ಬಹುಕಾಲ ಇದನ್ನು ಉಪಕಾರವೆಂದೇ ಎಣಿಸಿದ್ದೆನು. ಆ ಎಣಿಕೆ ಕದಲಿದ ಸಂದರ್ಭವನ್ನು ಮೊದಲು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಅರಸೀಕೆರೆಯಿಂದ ತಿಪಟೂರಿನ ಕಡೆಗೆ ಕಾರು ನಡೆಸಿಕೊಂಡು ಬರುತ್ತಿದ್ದೆ. ಎದುರಿನಿಂದ ಬಂದ ಲಾರಿಯೊಂದು ದೀಪ ಮಿನುಗಿಸಿ ಹೋಯಿತು. ಗಂಟೆಗೆ 80 ಕಿಲೋಮೀಟರಿನಲ್ಲಿದ್ದವನು 40ಕ್ಕೆ ಇಳಿದೆ. ಎರಡು ತಿರುವುಗಳಾಚೆ ಮರದ ನೆರಳಿನಲ್ಲಿ ಪೋಲೀಸಿನವರ ಗಾಡಿ ನಿಂತಿತ್ತು. ಸಾಧುವಿನಂತೆ ಅದನ್ನು ದಾಟಿದೆ. ಕನ್ನಡಿಯಲ್ಲಿ ಅದು ಮರೆಯಾದ ಕೂಡಲೆ, ನನಗೆ ಬಂದ ಉಪಕಾರವನ್ನು ತೀರಿಸುವವನಂತೆ ಎದುರು ಬರುತ್ತಿದ್ದ ಎರಡು ಕಾರುಗಳಿಗೆ ನಾನೂ ದೀಪ ಮಿನುಗಿಸಿದೆ. ಮತ್ತೆ ಹಿಂದಿನ ವೇಗಕ್ಕೆ ಏರಿದೆ. ಒಂದು ಮೈಲಿ ಹೋಗಿರಲಾರೆ. ತೋಟದ ಬದಿಯಿಂದ ಒಬ್ಬ ಮುದುಕಿ ತೆಂಗಿನ ಗರಿಯ ಹೊರೆಯನ್ನು ಹೊತ್ತು ರಸ್ತೆಗೆ ಇಳಿದಳು. ಹೊರೆಯು ಅವಳ ಕಣ್ಣನ್ನೂ ಕಿವಿಯನ್ನೂ ಮುಚ್ಚಿತ್ತು. ಕಾರು ಅವಳಿಂದ ಎರಡು ಮಾರು ದೂರದಲ್ಲಿ ಹೇಗೆ ನಿಂತಿತೋ ನನಗೆ ಈಗಲೂ ತಿಳಿಯದು. ಅವಳು ಹೊರೆಯನ್ನು ಸ್ವಲ್ಪ ಎತ್ತಿ ನನ್ನ ಕಡೆ ನೋಡಿ, “ನಿಧಾನಕ್ ಹೋಗಪ್ಪ, ನಿನಗೂ ಮನೇಲಿ ಕಾಯ್ತಿರ್ತಾರೆ,” ಎಂದು ಹೇಳಿ ರಸ್ತೆಯನ್ನು ದಾಟಿ ಹೋದಳು. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ನನ್ನ ಕೈಕಾಲುಗಳ ನಡುಕ ನಿಂತಮೇಲೆ ಒಂದು ವಿಚಾರ ಹೊಳೆಯಿತು. ನನಗೆ ಸನ್ನೆ ಮಾಡಿದ ಲಾರಿಯವನು ಆ ಸ್ಥಳವನ್ನು ದಾಟಿಯೇ ಬಂದಿದ್ದನು. ಹೊತ್ತು ಮುಳುಗುವ ಸಮಯದಲ್ಲಿ ಜನರು ತೋಟಗಳಿಂದ ಹೊರೆ ಹೊತ್ತು ರಸ್ತೆಯ ಅಂಚಿನಲ್ಲಿ ನಡೆಯುವುದನ್ನು ಅವನೂ ಕಂಡಿರಬೇಕು. ಪೋಲೀಸಿನವರು ಇರುವರೆಂದು ಅವನು ನನಗೆ ತಿಳಿಸಿದನು. ಮುದುಕಿ ಇರುವಳೆಂದು ತಿಳಿಸಲಿಲ್ಲ. ನಾನು ಎರಡು ಕಾರುಗಳವರಿಗೆ ತಿಳಿಸಿದ್ದೂ ಅಷ್ಟೇ. ನಮ್ಮ ಉಪಕಾರವೆಲ್ಲ ನೂರಿನ್ನೂರು ರೂಪಾಯಿಯನ್ನೋ ಸಾವಿರವನ್ನೋ ಉಳಿಸುವುದಕ್ಕೆ, ಪ್ರಾಣವನ್ನು ಉಳಿಸುವುದಕ್ಕಲ್ಲ.

ಈ ಪದ್ಧತಿಯು ಹೊಸದೇನೂ ಅಲ್ಲ. ಹೆಚ್ಚು ಕಡಮೆ ಮೋಟಾರಿನಷ್ಟೇ ಹಳೆಯದು. ಇಂಗ್ಲೆಂಡಿನಲ್ಲಿ 1903ನೆಯ ಇಸವಿಯ ಮೋಟಾರು ಕಾಯಿದೆಯು ಗಂಟೆಗೆ 20 ಮೈಲಿಯ ಮಿತಿಯನ್ನು ವಿಧಿಸಿತು. ಪೋಲೀಸಿನವರು ರಸ್ತೆಯಲ್ಲಿ ಗೊತ್ತಾದ ದೂರವನ್ನು ಅಳೆದು, ಬೇಲಿಯ ಮರೆಯಲ್ಲಿ ಗಡಿಯಾರ ಹಿಡಿದು ಕಾದಿದ್ದು, ಆ ದೂರವನ್ನು ಅತಿ ಶೀಘ್ರವಾಗಿ ಕ್ರಮಿಸಿದವರನ್ನು ಹಿಡಿಯತೊಡಗಿದರು. ಇದರಿಂದ ಕೆರಳಿದ ಮೋಟಾರಿನ ಯಜಮಾನರು 1905ರಲ್ಲಿ ಆಟೊಮೊಬೈಲ್ ಅಸೋಸಿಯೇಷನ್ ಎಂಬ ಸಂಘವನ್ನು ಕಟ್ಟಿದರು. ಇಂದು ಆ ಸಂಘವು ಕೆಟ್ಟು ನಿಂತ ಗಾಡಿಗಳಿಗೆ ನೆರವಾಗುವುದೆಂದು ಪ್ರಸಿದ್ಧವಾಗಿದೆ. ಆದರೆ ಹುಟ್ಟಿದ್ದು ಪೋಲೀಸರ ಹೊಂಚುಗಳನ್ನು ಸದಸ್ಯರಿಗೆ ತಿಳಿಸುವುದಕ್ಕೋಸ್ಕರ. ಸಂಘದ ಆಳುಗಳು ಬೈಸಿಕಲ್ಲುಗಳ ಮೇಲೆ ರಸ್ತೆಗಳಲ್ಲಿ ತಿರುಗುತ್ತ ಬರುವವರಿಗೆ ಎಚ್ಚರಿಕೆ ಕೊಡುತ್ತಿದ್ದರು.

ಈ ವಿಷಯವು ನ್ಯಾಯಸ್ಥಾನವನ್ನು ಏರದಿರಲಿಲ್ಲ. ಹೀಗೆ ಎಚ್ಚರಿಸಿದವನೊಬ್ಬನ ಮೇಲೆ, ಪೋಲೀಸರ ಕರ್ತವ್ಯಕ್ಕೆ ಅಡ್ಡಿಮಾಡಿದನೆಂಬ ಆಪಾದನೆ ಬಂದಿತು. 1907ರಲ್ಲಿ ವರದಿಯಾದ ಆ ಮೊಕದ್ದಮೆಯಲ್ಲಿ, ಎಚ್ಚರಿಕೆ ಪಡೆದವರು ಆಗ ಮಿತಿಯನ್ನು ಮೀರಿದ್ದರೆಂಬುದಕ್ಕೆ ಸಾಕ್ಷ್ಯವಿಲ್ಲವಾದ್ದರಿಂದ ಅದು ಅಪರಾಧವಲ್ಲವೆಂದು ತೀರ್ಪಾಯಿತು. 1910ರಲ್ಲಿ ವರದಿಯಾದ ಇನ್ನೊಂದರಲ್ಲಿ, ಎಚ್ಚರಿಕೆ ಪಡೆದ ಗಾಡಿಗಳು ಅದಾಗಲೇ ಮಿತಿಮೀರಿ ಓಡುತ್ತಿದ್ದವೆಂಬುದು ಸಿದ್ಧವಾಯಿತು. ಸಂಘದ ಆಳಿಗೆ ಆದ ಶಿಕ್ಷೆಯನ್ನು ನ್ಯಾಯಸ್ಥಾನವು ಎತ್ತಿಹಿಡಿಯಿತು. ಮುಖ್ಯ ನ್ಯಾಯಾಧಿಪತಿ ಲಾರ್ಡ್ ಆಲ್ವರ್‌ಸ್ಟೋನರು ಎರಡು ತೀರ್ಪುಗಳಲ್ಲಿಯೂ ಭಾಗಿಗಳು. ತಪ್ಪು ಮಾಡಬೇಡವೆಂದು ಹೇಳುವುದು ಬೇರೆ. ಮಾಡುತ್ತಿರುವ ತಪ್ಪು ಸಿಕ್ಕಿಬೀಳದಂತೆ ಕಾಯುವುದು ಬೇರೆ ಎಂಬ ಭೇದವು ಈ ಎರಡು ತೀರ್ಪುಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಕಾಣುತ್ತದೆ.

ಸಂಘದವರು ಇದಕ್ಕೂ ಒಂದು ಉಪಾಯವನ್ನು ಹೂಡಿದರು. ಅವರ ಆಳುಗಳು ಸದಸ್ಯರ ಗಾಡಿಗಳನ್ನು ಕಂಡಾಗಲೆಲ್ಲ ಸಲಾಮು ಮಾಡುತ್ತಿದ್ದರು. ಆಳು ಸಲಾಮು ಮಾಡದಿದ್ದರೆ ಗಾಡಿಯನ್ನು ನಿಲ್ಲಿಸಿ ಕಾರಣವನ್ನು ಕೇಳಬೇಕೆಂದು ಸದಸ್ಯರಿಗೆ ಸೂಚನೆಯಾಯಿತು. ಸಲಾಮು ಮಾಡಲಿಲ್ಲವೆಂದು ಯಾರನ್ನಾದರೂ ಶಿಕ್ಷಿಸಲಾದೀತೆ! ಬುದ್ಧಿಯ ಚಮತ್ಕಾರಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ. ಆದರೆ ಕಾನೂನಿನ ಅಕ್ಷರದಿಂದ ತಪ್ಪಿಸಿಕೊಂಡ ಮಾತ್ರಕ್ಕೆ ಧರ್ಮದ ಪ್ರಶ್ನೆಯಿಂದ ತಪ್ಪಿಸಿಕೊಂಡಂತಾಗಲಿಲ್ಲ.

ಈ ಪ್ರಶ್ನೆಯ ಬೇರು ಎಲ್ಲಿದೆಯೆಂದು ಹುಡುಕಿದರೆ ಗ್ರೀಕ್ ತತ್ತ್ವಜ್ಞನಾದ ಪ್ಲೇಟೋವಿನ ‘ರಿಪಬ್ಲಿಕ್’ ಗ್ರಂಥದ ಒಂದು ಕಥೆ ನೆನಪಿಗೆ ಬರುತ್ತದೆ. ಒಬ್ಬ ಕುರುಬನಿಗೆ ಒಂದು ಉಂಗುರ ಸಿಕ್ಕಿತು. ಅದರ ಹರಳನ್ನು ಒಳಕ್ಕೆ ತಿರುಗಿಸಿದರೆ ಅವನು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಆ ಬಲದಿಂದ ಅವನು ದೊರೆಯನ್ನೇ ಕೊಂದು ರಾಜ್ಯವನ್ನು ಸೆಳೆದುಕೊಂಡನು. ಕಾಣಿಸಿಕೊಳ್ಳುವ ಭಯವಿಲ್ಲದಿದ್ದರೆ ಒಳ್ಳೆಯವನಾಗಿರುವವನು ಯಾರಾದರೂ ಉಂಟೆ, ಎಂಬುದೇ ಅಲ್ಲಿ ಎತ್ತಿದ ಸಂಶಯ. ನಮ್ಮ ರಸ್ತೆಯಲ್ಲಿ ಕಥೆ ತಲೆಕೆಳಗಾಗಿದೆ. ಮರೆಯಾಗಿ ನಿಲ್ಲುವವನು ನೋಡುವವನು, ಮಾಡುವವನಲ್ಲ. ಪೋಲೀಸಿನವನು ಎಲ್ಲಿರುವನೋ ತಿಳಿಯದ ಕಾರಣ, ಎಲ್ಲೆಲ್ಲಿಯೂ ಇರಬಹುದೆಂದು ಚಾಲಕನು ಹತ್ತು ಮೈಲಿಯ ಉದ್ದಕ್ಕೂ ಮಿತಿಯಲ್ಲಿರುತ್ತಾನೆ. ದೀಪದ ಸನ್ನೆ ಬಂದೊಡನೆ ಈ ಹತ್ತು ಮೈಲಿಯ ಎಚ್ಚರವು ನೂರು ಗಜಕ್ಕೆ ಇಳಿಯುತ್ತದೆ. ಸನ್ನೆ ಮಾಡಿದವನು ಎದುರಿನವನಿಗೆ ಕುರುಬನ ಉಂಗುರವನ್ನು ಕೊಟ್ಟು ಹೋದಂತಾಯಿತು: ಇಷ್ಟು ಸ್ಥಳವನ್ನು ಬಿಟ್ಟರೆ ಉಳಿದೆಡೆಯಲ್ಲೆಲ್ಲ ನಿನ್ನನ್ನು ಯಾರೂ ಕಾಣುವುದಿಲ್ಲ, ಎಂದು.

ಪ್ರತಿವಾದಿಗಳ ಮಾತನ್ನು ಕೇಳದೆ ಮುಂದುವರಿಯುವುದು ನ್ಯಾಯವಲ್ಲ. ವೇಗ ತಗ್ಗಲೆಂಬುದೇ ಕಾನೂನಿನ ಉದ್ದೇಶವಲ್ಲವೆ, ಸನ್ನೆಯಿಂದ ತಗ್ಗಿತಲ್ಲ, ಎಂಬುದು ಮೊದಲನೆಯ ವಾದ. ಅಮೆರಿಕದ ಮಿಸ್ಸೂರಿ ಸಂಸ್ಥಾನದಲ್ಲಿ 2014ರಲ್ಲಿ ಫೆಡರಲ್ ನ್ಯಾಯಾಲಯವೊಂದು ಹೀಗೆ ದೀಪ ಮಿನುಗಿಸುವವರನ್ನು ದಂಡಿಸಕೂಡದೆಂದು ತಡೆಯಾಜ್ಞೆ ಕೊಟ್ಟಿತು. ನಿಧಾನವಾಗಿ ಹೋಗೆಂದು, ಅಂದರೆ ಕಾನೂನಿನಂತೆ ನಡೆಯೆಂದು ಹೇಳುವುದು ತಪ್ಪಾಗುವುದು ಹೇಗೆ, ಎಂಬುದು ಅಲ್ಲಿನ ತರ್ಕದ ಸಾರ. ಸರಕಾರವು ದಂಡಿಸಬಾರದೆಂಬುದನ್ನು ನಾನೂ ಒಪ್ಪುತ್ತೇನೆ. ಕಣ್ಣು ಮಿಟುಕಿಸಿದ್ದಕ್ಕೆಲ್ಲ ಶಿಕ್ಷೆಯಾದರೆ ಲೋಕದಲ್ಲಿ ಬಾಳುವುದು ಕಷ್ಟ. ಆದರೆ ದಂಡನೆಗೆ ಅರ್ಹವಲ್ಲದ್ದೆಲ್ಲವೂ ಸತ್ಕಾರ್ಯವಾಗುವುದಿಲ್ಲ. ವೇಗವು ತಗ್ಗಿದ್ದು ನಿಜ. ಎಷ್ಟು ದೂರ ತಗ್ಗಿತು? ನನ್ನ ಪ್ರಸಂಗದಲ್ಲಿ ಎರಡು ತಿರುವುಗಳಷ್ಟು. ಗಂಟೆಗೆ 80 ಕಿಲೋಮೀಟರಿನಲ್ಲಿ ಓಡುವ ಗಾಡಿಯು ಒಂದು ಸೆಕೆಂಡಿಗೆ ಸುಮಾರು 22 ಮೀಟರು ಸಾಗುತ್ತದೆ. ಕಣ್ಣು ಕಂಡು, ಮನಸ್ಸು ತಿಳಿದು, ಕಾಲು ಬ್ರೇಕಿನ ಮೇಲೆ ಬೀಳುವಷ್ಟರಲ್ಲಿ ಅಷ್ಟು ದೂರ ಕಳೆದಿರುತ್ತದೆ. ವೇಗವು ಇಮ್ಮಡಿಯಾದರೆ, ಆ ಬಳಿಕ ನಿಲ್ಲುವುದಕ್ಕೆ ಬೇಕಾಗುವ ದೂರವು ಸುಮಾರು ನಾಲ್ಮಡಿಯಾಗುತ್ತದೆ. ಈ ಗಣಿತವು ಪೋಲೀಸರಿರುವ ಸ್ಥಳದಲ್ಲಿ ಒಂದು, ಇಲ್ಲದ ಸ್ಥಳದಲ್ಲಿ ಒಂದು ಎಂದು ಬದಲಾಗುವುದಿಲ್ಲ.

ಎರಡನೆಯ ವಾದವು ಹೆಚ್ಚು ಗಟ್ಟಿಯಾದದ್ದು. ಪೋಲೀಸಿನವರು ಅಪಾಯದ ಸ್ಥಳದಲ್ಲಿ ನಿಲ್ಲದೆ, ಜನರು ಸುಲಭವಾಗಿ ಸಿಕ್ಕಿಬೀಳುವ ಸ್ಥಳದಲ್ಲಿ ನಿಲ್ಲುತ್ತಾರೆ. ಅವರಿಗೆ ಬೇಕಾದದ್ದು ಸುರಕ್ಷತೆಯಲ್ಲ, ದಂಡದ ಹಣ. ಇಂಥ ಅನ್ಯಾಯಕ್ಕೆ ಇದೇ ತಕ್ಕ ಉತ್ತರ, ಎಂದು. ಈ ದೂರಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಇಳಿಜಾರಿನ ತುದಿಯಲ್ಲಿ, ಮಿತಿಯ ಫಲಕವು ಗಿಡದ ಹಿಂದೆ ಮರೆಯಾಗಿರುವಲ್ಲಿ ಹೊಂಚುಹಾಕುವ ಅಧಿಕಾರಿಯು ಕಾನೂನಿನ ಗೌರವವನ್ನು ತಾನೇ ಕಳೆಯುತ್ತಾನೆ. ಆದರೆ ಅನ್ಯಾಯವಾದ ಮಿತಿಗೆ ಬಹಿರಂಗವಾದ ಮಾರ್ಗವುಂಟು. ಇಂಗ್ಲೆಂಡಿನಲ್ಲಿ 20 ಮೈಲಿಯ ಮಿತಿಯು ಕಾಲಕ್ಕೆ ಒಪ್ಪದ್ದೆಂದು ಜನರು ವಾದಿಸಿ, 1930ರ ಕಾಯಿದೆಯಿಂದ ಕಾರುಗಳಿಗೆ ಅದನ್ನು ತೆಗೆಸಿಯೇಬಿಟ್ಟರು. ಆಮೇಲೆ ನಡೆದದ್ದೂ ಸ್ಮರಣೀಯ. ಬ್ರಿಟನ್ನಿನ ರಸ್ತೆಗಳಲ್ಲಿ 1934ರ ಒಂದೇ ವರ್ಷದಲ್ಲಿ 7,000ಕ್ಕೂ ಮೇಲ್ಪಟ್ಟು ಜನ ಸತ್ತರು. 1935ರಲ್ಲಿ ಊರುಗಳೊಳಗೆ 30 ಮೈಲಿಯ ಮಿತಿಯನ್ನು ಮತ್ತೆ ತರಬೇಕಾಯಿತು. ಮಿತಿಯೆಂಬುದು ಕೇವಲ ಅಧಿಕಾರಿಗಳ ಹಟವಲ್ಲ, ಅದರ ಹಿಂದೆ ಹೆಣಗಳ ಲೆಕ್ಕವಿದೆ, ಎಂಬ ಪಾಠವನ್ನು ಆ ಜನ ಹೀಗೆ ಕಲಿತರು.

ಮೂರನೆಯದು ವಾದಕ್ಕಿಂತ ಹೆಚ್ಚಾಗಿ ಒಂದು ಭಾವ. ರಸ್ತೆಯಲ್ಲಿ ಎದುರಾಗುವ ಅಪರಿಚಿತರು ಒಬ್ಬರಿಗೊಬ್ಬರು ನೆರವಾಗುವ ಈ ಬಾಂಧವ್ಯವನ್ನು ಕಳೆದುಕೊಳ್ಳಬೇಕೆ? ಈ ಭಾವವು ನನ್ನನ್ನು ಬಹಳ ಕಾಲ ಕಟ್ಟಿಹಾಕಿತ್ತು. ಆದರೆ ಯಾವ ಬಾಂಧವ್ಯವನ್ನಾದರೂ ಅಳೆಯುವಾಗ ಅದರೊಳಗೆ ಯಾರಿದ್ದಾರೆಂಬುದರ ಜೊತೆಗೆ, ಅದರ ಹೊರಗೆ ಯಾರು ಉಳಿದರೆಂಬುದನ್ನೂ ಕೇಳಬೇಕು. ಈ ಬಾಂಧವ್ಯದೊಳಗೆ ದೀಪವಿರುವವರು ಮಾತ್ರ ಇದ್ದಾರೆ. ತಲೆಯ ಮೇಲೆ ಹೊರೆಯಿರುವವರು, ಶಾಲೆಯಿಂದ ಮನೆಗೆ ನಡೆಯುವವರು, ಎತ್ತಿನ ಗಾಡಿಯವರು ಇದರ ಹೊರಗಿದ್ದಾರೆ. ಅವರಿಗೆ ಮಿನುಗಿಸಲು ದೀಪವಿಲ್ಲ. ಅವರ ಪರವಾಗಿ ರಸ್ತೆಯಲ್ಲಿ ನಿಂತಿರತಕ್ಕವನು, ಅವನ ದೋಷಗಳು ಎಷ್ಟಾದರೂ ಇರಲಿ, ಆ ಪೋಲೀಸಿನವನೊಬ್ಬನೇ. ಈಗ ಕೈಯಲ್ಲಿರುವ ಫೋನೇ ಮುಂದಿನ ಕ್ಯಾಮೆರಾವನ್ನು ಮುಂಚಿತವಾಗಿ ಹೇಳಿಬಿಡುತ್ತದೆ. ಆ ಯಂತ್ರಕ್ಕೆ ಬಾಂಧವ್ಯವೆಲ್ಲಿಯದು! ಸನ್ನೆಯಿಂದ ಸ್ನೇಹವನ್ನು ಕಳೆದರೆ ಉಳಿಯುವುದು ತಪ್ಪಿಸಿಕೊಳ್ಳುವ ಉಪಾಯವೊಂದೇ ಎಂಬುದನ್ನು ಅದು ಸ್ಪಷ್ಟವಾಗಿ ತೋರಿಸುತ್ತಿದೆ.

ಹಾಗಾದರೆ ಎಚ್ಚರಿಕೆಯೇ ತಪ್ಪೆ? ಖಂಡಿತವಾಗಿಯೂ ಅಲ್ಲ. ಸರಕಾರವೇ “ಮುಂದೆ ವೇಗವನ್ನು ಅಳೆಯಲಾಗುತ್ತಿದೆ” ಎಂದು ಫಲಕ ಹಾಕುವುದುಂಟು. ಅಪಾಯದ ಸ್ಥಳದಲ್ಲಿ ಹಾಗೆ ಹಾಕಿದರೆ ಅದು ಒಳ್ಳೆಯದೇ. ಎಚ್ಚರಿಕೆಯು ಯಾರ ಸಲುವಾಗಿ ಎಂಬುದನ್ನು ನೋಡಿ ಅದರ ಬೆಲೆಯನ್ನು ಕಟ್ಟಬೇಕು. ಪೋಲೀಸರನ್ನು ದಾಟಿ ಒಂದು ಮೈಲಿ ಹೋದಮೇಲೆ ಏನಾಗುವುದೆಂಬುದೇ ಸನ್ನೆಯ ಪರೀಕ್ಷೆ. ಅಲ್ಲಿಯೂ ಚಾಲಕನು ನಿಧಾನವಾಗಿದ್ದರೆ ಅದು ಎಚ್ಚರಿಕೆ. ಇಲ್ಲದಿದ್ದರೆ ಅಡಗುವಿಕೆಗೆ ಕೊಟ್ಟ ನೆರವು. ಮಾಡುವವನಿಗೆ ಈ ಫಲವು ಮೊದಲೇ ತಿಳಿಯದು ನಿಜ. ಆದರೆ ಅವನು ತನ್ನನ್ನು ತಾನೇ ಕೇಳಿಕೊಳ್ಳಬಹುದು: ಪೋಲೀಸಿನವರು ಇಲ್ಲದಿದ್ದರೆ ನಾನು ಈ ಮನುಷ್ಯನಿಗೆ ನಿಧಾನವಾಗಿ ಹೋಗೆಂದು ಹೇಳುತ್ತಿದ್ದೆನೆ?

ಆ ಸಂಜೆಯ ಮೇಲೆ ನಾನು ಸನ್ನೆಯನ್ನು ಬಿಡಲಿಲ್ಲ. ಅದರ ಕಾರಣವನ್ನು ಬದಲಿಸಿದೆ. ರಸ್ತೆಗೆ ಮರ ಬಿದ್ದಿದ್ದರೆ, ದನಗಳು ಮಂದೆಯಾಗಿ ದಾಟುತ್ತಿದ್ದರೆ, ಮಕ್ಕಳು ಅಂಚಿನಲ್ಲಿ ನಡೆಯುತ್ತಿದ್ದರೆ, ಎದುರಿನವರಿಗೆ ದೀಪ ಮಿನುಗಿಸುತ್ತೇನೆ. ಪೋಲೀಸಿನವರಿದ್ದರೆ ಸುಮ್ಮನಿರುತ್ತೇನೆ. ಇದರಲ್ಲಿ ಒಂದು ವಿನೋದವೂ ಉಂಟು. ಎದುರಿನವರಲ್ಲಿ ಕೆಲವರು ನನ್ನ ದೀಪವನ್ನು ಕಂಡು ಪೋಲೀಸಿನವರನ್ನು ನಿರೀಕ್ಷಿಸಿ ನಿಧಾನಿಸುತ್ತಾರೆ. ಮುಂದೆ ಹೋಗಿ ನೋಡಿದರೆ ಅಲ್ಲಿ ಒಂದು ದನದ ಮಂದೆಯೋ, ಹೊರೆ ಹೊತ್ತ ಹೆಂಗಸೋ ಇರುತ್ತಾರೆ. ನನ್ನನ್ನು ಸುಳ್ಳುಗಾರನೆಂದು ಅವರು ಬೈದುಕೊಳ್ಳುತ್ತಿರಬಹುದು. ಬೈದುಕೊಳ್ಳಲಿ. ಆ ಹೆಂಗಸು ದಾಟಿದರೆ ಸಾಕು.