ಲಾಠಿಯವರ ಹಿಡಿತ

‘ಶರಣರ ಗುಣವನ್ನು ಮರಣದಲ್ಲಿ ನೋಡು’ ಎಂಬ ಗಾದೆ ಸಂತಾಪ ಸಭೆಗಳಲ್ಲಿ ಸವೆದುಹೋಗಿದೆ. ನಾಲ್ಕು ಒಳ್ಳೆಯ ಮಾತಾಡಿ ಹಾರ ಹಾಕಲು ಅದೊಂದು ಅನುಕೂಲದ ಪೀಠಿಕೆ. ಗಾದೆ ಕಟ್ಟಿದವರು ಇಷ್ಟಕ್ಕೇ ಕಟ್ಟಿರಲಾರರು. ಬದುಕಿರುವಷ್ಟು ಕಾಲ ಯಾರು ಬೇಕಾದರೂ ವೇಷ ಹಾಕಬಹುದು. ಯೋಚಿಸಲು ಪುರಸೊತ್ತೇ ಇಲ್ಲದ ಗಳಿಗೆಯಲ್ಲಿ ಮೈಗೂಡಿದ್ದಷ್ಟೇ ಹೊರಬೀಳುತ್ತದೆ. ಆ ಗಳಿಗೆಯ ಮೇಲೆ ಕಣ್ಣಿಡು ಎನ್ನುತ್ತದೆ ಗಾದೆ.

ಹಾಗೆ ಕಣ್ಣಿಟ್ಟು ನೋಡಬೇಕಾದ ಸಾವು ತುಕಾರಾಮ್ ಓಂಬಳೆ ಅವರದು. ಸಾತಾರಾ ಜಿಲ್ಲೆಯ ಹಳ್ಳಿಯವರು. ಸೇನೆಯಲ್ಲಿ ದುಡಿದು ಬಂದು ಮುಂಬೈ ಪೊಲೀಸ್ ಸೇರಿ ಎಎಸ್‌ಐ ಆಗಿದ್ದವರು. ಮುಂಬೈ ಮೇಲೆ ಉಗ್ರರ ದಾಳಿ ನಡೆದ 2008ರ ನವೆಂಬರ್ 26ರ ರಾತ್ರಿ ಗಿರಗಾಂವ್ ಚೌಪಾಟಿಯ ನಾಕಾಬಂದಿಯಲ್ಲಿ ಅವರಿಗೆ ಡ್ಯೂಟಿ. ಸಿಎಸ್‌ಟಿ ನಿಲ್ದಾಣದಲ್ಲೂ ಕಾಮಾ ಆಸ್ಪತ್ರೆಯಲ್ಲೂ ಹೆಣ ಉರುಳಿಸಿದ್ದ ಇಬ್ಬರು, ಕಸಿದುಕೊಂಡ ಸ್ಕೋಡಾ ಕಾರಿನಲ್ಲಿ ಬಂದರು. ಬ್ಯಾರಿಕೇಡ್ ಕಂಡು ತಿರುಗಿಸಲು ಹೋದಾಗ ಕಾರು ಡಿವೈಡರಿಗೆ ಸಿಕ್ಕಿಕೊಂಡಿತು. ಓಡಿಸುತ್ತಿದ್ದ ಇಸ್ಮಾಯಿಲ್ ಪೊಲೀಸರ ಗುಂಡಿಗೆ ಬಿದ್ದ. ಎಡಗಡೆ ಕೂತಿದ್ದವನು ಅಜ್ಮಲ್ ಕಸಬ್. ಓಂಬಳೆ ಬಳಿ ಇದ್ದದ್ದು ಬರೀ ಲಾಠಿ. ಅವರು ನೇರ ಹೋಗಿ ಎಕೆ-47ರ ನಳಿಗೆಯನ್ನೇ ಹಿಡಿದುಬಿಟ್ಟರು. ಗುಂಡುಗಳು ಒಂದರ ಹಿಂದೊಂದು ಅವರ ಮೈಗೇ ನುಗ್ಗಿದವು. ಹಿಡಿತ ಬಿಡಲಿಲ್ಲ. ಹಿಂದಿದ್ದವರಿಗೆ ಕಸಬ್‌ನ ಮೇಲೆ ಬೀಳಲು ಅಷ್ಟು ಹೊತ್ತು ಸಾಕಾಯಿತು.

ಇದನ್ನು ಧೈರ್ಯ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ನನಗೆ ಅದರಲ್ಲಿ ಠಾಣೆಯ ಬದುಕೇ ಕಾಣುತ್ತದೆ. ಸಿಕ್ಕವನನ್ನು ಕೈಬಿಡಬಾರದು ಎನ್ನುವುದು ಕಾನ್‌ಸ್ಟೆಬಲ್‌ಗಳು ಬೀಟ್ ತಿರುಗಿ ತಿರುಗಿ ಕಲಿಯುವ ಪಾಠ. ಆ ರಾತ್ರಿ ಅದು ಕೈಗೆ ತಾನಾಗಿ ಬಂತು. ಹತ್ತು ಮಂದಿ ದಾಳಿಕೋರರಲ್ಲಿ ಜೀವಂತ ಸಿಕ್ಕವನು ಕಸಬ್ ಒಬ್ಬನೇ. ಅವನು ತಂದಿದ್ದ ನಕಲಿ ಗುರುತಿನ ಚೀಟಿಯಲ್ಲಿ ಸಮೀರ್ ದಿನೇಶ್ ಚೌಧರಿ ಎಂಬ ಹೆಸರಿತ್ತು, ವಿಳಾಸ ನಮ್ಮ ಬೆಂಗಳೂರಿನದು. ಅವನೂ ಅಲ್ಲೇ ಸತ್ತಿದ್ದರೆ ಆ ಚೀಟಿ ಹಿಡಿದು ಇಲ್ಲಿ ಎಷ್ಟು ಬಾಗಿಲು ಬಡಿಯುತ್ತಿದ್ದರೋ, ಎಷ್ಟು ಗಾಳಿಮಾತು ಹಬ್ಬುತ್ತಿತ್ತೋ! ಬದುಕಿ ಉಳಿದದ್ದರಿಂದ ದಾಳಿಕೋರರು ಹೊರಟುಬಂದ ಕರಾಚಿಯ ದೋಣಿಯವರೆಗೂ ಜಾಡು ಸಿಕ್ಕಿತು, ವಿಚಾರಣೆ ನಡೆಯಿತು, 2012ರ ನವೆಂಬರ್ 21ರಂದು ಯೆರವಡಾ ಜೈಲಿನಲ್ಲಿ ಗಲ್ಲಾಯಿತು.

ಓಂಬಳೆ ಅವರಿಗೆ 2009ರಲ್ಲಿ ಮರಣೋತ್ತರ ಅಶೋಕ ಚಕ್ರ ಬಂತು. ಥಾಣೆಯ ಕಡೆ ಸಿಕ್ಕ ಒಂದು ಜಿಗಿಯುವ ಜೇಡಕ್ಕೂ ವಿಜ್ಞಾನಿಗಳು ಅವರ ಹೆಸರಿಟ್ಟಿದ್ದಾರೆ. ಕಲ್ಲಿನ ಪ್ರತಿಮೆಗಿಂತ ಇದು ನನಗೆ ಹೆಚ್ಚು ಹಿಡಿಸಿತು.

ಆದರೆ ಸತ್ತವರ ಗುಣ ನೋಡುವ ಭರದಲ್ಲಿ ಅವರನ್ನು ಅಲ್ಲಿಗೆ ಕಳಿಸಿದವರ ಗುಣ ನೋಡುವುದನ್ನು ಮರೆಯುತ್ತೇವೆ. 1959ರಲ್ಲಿ ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಮಡಿದ 10 ಪೊಲೀಸರ ನೆನಪಿಗೆ ಪ್ರತಿವರ್ಷ ಅಕ್ಟೋಬರ್ 21ರಂದು ಹುತಾತ್ಮರ ದಿನ ನಡೆಯುತ್ತದೆ. ಹಿಂದಿನ ಒಂದು ವರ್ಷದಲ್ಲಿ ಕರ್ತವ್ಯದಲ್ಲಿದ್ದಾಗ ಸತ್ತ ಪೊಲೀಸರ ಹೆಸರುಗಳನ್ನು ಅಂದು ಓದುತ್ತಾರೆ. ಅವರ ಕೈಗೆ ಏನು ಕೊಟ್ಟಿದ್ದರು ಎಂಬ ಪಟ್ಟಿಯನ್ನೂ ಪಕ್ಕದಲ್ಲೇ ಓದಬಹುದಲ್ಲ? ಮುಂಬೈ ದಾಳಿಯ ಲೋಪಗಳನ್ನು ಪರಿಶೀಲಿಸಿದ ರಾಮ್ ಪ್ರಧಾನ್ ಸಮಿತಿ ಅದನ್ನು ದಾಖಲಿಸಿಯೇ ಇದೆ: ಶಸ್ತ್ರ ಸಾಲದು, ಮದ್ದುಗುಂಡಿಲ್ಲದೆ ಗುಂಡು ಹಾರಿಸುವ ಅಭ್ಯಾಸವೂ ಸರಿಯಾಗಿ ನಡೆಯುತ್ತಿರಲಿಲ್ಲ.