ಇಂದಿನ ಧಮ್ಮ ಚಿಂತನೆ: ಒಂದು ಕೈ ಹಾಕಿ



ಸಹಾಯ ಕೇಳಿದರೆ ಸ್ವಾಭಿಮಾನ ಕಡಿಮೆಯಾಗುತ್ತದೆಯೇ? ನಮ್ಮ ಅಧ್ಯಯನ ಬಳಗದಲ್ಲಿ ಈ ಪ್ರಶ್ನೆ ಎದ್ದದ್ದು ಒಂದು ಬುಲೆಟ್ ಗಾಡಿಯಿಂದ.

ಮೆಜೆಸ್ಟಿಕ್ ಸುತ್ತಮುತ್ತ ಕೆಲಸ ಮಾಡುವವರಿಗೆ ಈ ಕಷ್ಟ ಗೊತ್ತು. ನಾನೂ ಗಾಂಧಿನಗರದ ಒಂದು ಹಳೆಯ ಕಟ್ಟಡದ ಬೇಸ್‌ಮೆಂಟಿನಲ್ಲಿ ಗಾಡಿ ನಿಲ್ಲಿಸುವವನು. ಹತ್ತು ಗಾಡಿಯ ಜಾಗದಲ್ಲಿ ಹದಿನೈದು, ಹ್ಯಾಂಡಲ್‌ಗೆ ಹ್ಯಾಂಡಲ್ ತಾಗಿಕೊಂಡು. ಸ್ಕೂಟರ್ ಆದರೆ ಹಿಂದೆ ಹಿಡಿದೆತ್ತಿ ಪಕ್ಕಕ್ಕಿಡಬಹುದು. ಕ್ಲಾಸಿಕ್ 350 ಹಾಗಲ್ಲ, ಸುಮಾರು 195 ಕೆ.ಜಿ. ರಿವರ್ಸ್ ಗೇರ್ ಇಲ್ಲ. ನ್ಯೂಟ್ರಲ್‌ಗೆ ಹಾಕಿ, ಎಡಗಡೆ ನಿಂತು, ಗಾಡಿಯನ್ನು ಸ್ವಲ್ಪ ನಮ್ಮ ಸೊಂಟದ ಕಡೆಗೆ ವಾಲಿಸಿಕೊಂಡು, ಮುಂದಿನ ಬ್ರೇಕಿನ ಮೇಲೆ ಬೆರಳಿಟ್ಟು ಗೇಣು ಗೇಣಾಗಿ ಹಿಂದಕ್ಕೆ ತರಬೇಕು. ನೆಟ್ಟಗಿರುವವರೆಗೆ ತೂಕವೇ ಗೊತ್ತಾಗುವುದಿಲ್ಲ. ಆಚೆ ಕಡೆಗೆ ವಾಲಿತೋ, ಎಂಥ ಗಟ್ಟಿಗನೂ ಹಿಡಿಯಲಾರ. ಜೊತೆಗೆ ಸಾಲಿನ ನಾಲ್ಕು ಗಾಡಿ ಮಲಗುತ್ತವೆ. ಇನ್ನೊಬ್ಬರು ಹಿಂದಿನಿಂದ ಹಿಡಿದರೆ ಅರ್ಧ ನಿಮಿಷದ ಕೆಲಸ.

ನಮ್ಮ ಯುವ ಉಪಾಸಕನೊಬ್ಬ ಇದನ್ನು ಒಪ್ಪಲಿಲ್ಲ. "ನಮ್ಮ ಅಜ್ಜಂದಿರು ಮೇಲ್ಜಾತಿ ಬೀದೀಲಿ ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ನಡೆದ್ರು. ನಾನು ಬುಲೆಟ್ ತಗೊಂಡಿದ್ದು ತಲೆ ಎತ್ತಿ ಓಡಾಡೋಕೆ. ಅದನ್ನ ಹೊರಗೆ ತೆಗೆಯೋಕೂ ಯಾರನ್ನಾದ್ರೂ ಅಂಗಲಾಚಬೇಕಾ? ನಿನಗೆ ನೀನೇ ದೀಪ ಅಂತ ಬುದ್ಧರೇ ಹೇಳಿಲ್ವಾ?" ನಕ್ಕು ಬಿಡುವ ಮಾತಲ್ಲ ಇದು. ಯಾರ ಹಂಗೂ ಬೇಡ ಎನ್ನುವುದನ್ನು ನಾವು ಪೆಟ್ಟು ತಿಂದೇ ಕಲಿತಿದ್ದೇವೆ.

ಆದರೆ ಚಾಳೀಸ್‌ಗಾಂವ್ ನೆನಪಿಸಿಕೊಳ್ಳಿ. 1929ರಲ್ಲಿ ಬಾಬಾಸಾಹೇಬರು ಅಲ್ಲಿಗೆ ಹೋದಾಗ, ಅಸ್ಪೃಶ್ಯನನ್ನು ಕೂರಿಸಿ ಓಡಿಸಲು ಟಾಂಗಾವಾಲ ಒಪ್ಪಲಿಲ್ಲ. ಕೇರಿಯೋ ನಡೆದು ಹೋಗುವಷ್ಟೇ ದೂರ. ಆದರೂ ತಮ್ಮ ನಾಯಕರನ್ನು ನಡೆಸಿಕೊಂಡು ಹೋಗುವುದು ಮರ್ಯಾದೆಯಲ್ಲವೆಂದು ನಮ್ಮವರು ಟಾಂಗಾವನ್ನಷ್ಟೇ ಬಾಡಿಗೆಗೆ ಪಡೆದು, ಓಡಿಸಿ ಅಭ್ಯಾಸವಿಲ್ಲದವರೊಬ್ಬರ ಕೈಗೆ ಲಗಾಮು ಕೊಟ್ಟರು. ತಡೆಗೋಡೆ ಇಲ್ಲದ ಮೋರಿಯ ಮೇಲೆ ಚಕ್ರ ಪಕ್ಕದ ಕಲ್ಲಿಗೆ ಬಡಿಯಿತು. ಕುದುರೆ, ಗಾಡಿ ಎರಡೂ ಹೊಳೆಗೆ ಬಿದ್ದವು. ಬಾಬಾಸಾಹೇಬರು ಕಲ್ಲುಹಾಸಿನ ಮೇಲೆ ಬಿದ್ದು ಕಾಲು ಮುರಿದುಕೊಂಡರು. ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಅವರು ಟಾಂಗಾವಾಲನ ಜಾತಿ ಅಹಂಕಾರವನ್ನು ಬರೆದಿದ್ದಾರೆ; ತಮ್ಮ ಮರ್ಯಾದೆ ಉಳಿಸಲು ಹೋಗಿ ತಮ್ಮವರು ತಮ್ಮ ಜೀವಕ್ಕೇ ಅಪಾಯ ತಂದರೆಂದೂ ಬರೆದಿದ್ದಾರೆ. ಈ ಎರಡನೆಯದನ್ನು ನಾವು ಓದುವಾಗ ಬೇಗ ದಾಟಿಬಿಡುತ್ತೇವೆ.

ದೀಪದ ಮಾತು ನನಗೆ ಅರ್ಥವಾಗಿರುವುದು ಹೀಗೆ: ನಿನ್ನ ಬುದ್ಧಿಯನ್ನು ಇನ್ನೊಬ್ಬರಿಗೆ ಒಪ್ಪಿಸಬೇಡ. ಒಂಟಿಯಾಗಿ ಒದ್ದಾಡು ಎಂದು ಅದರಲ್ಲಿಲ್ಲ. ಕಲ್ಯಾಣಮಿತ್ರರ ಒಡನಾಟವೇ ಧಮ್ಮಜೀವನದ ಅರ್ಧಭಾಗ ಎಂದು ಆನಂದರು ಅಂದಾಗ, ಅರ್ಧವಲ್ಲ, ಪೂರ್ತಿ ಅದೇ ಎಂದು ತಿದ್ದಿದವರೂ ಇದೇ ಬುದ್ಧರು.

ಹಂಗು ಬೇರೆ, ಸಹಾಯ ಬೇರೆ. ಹಂಗಿನಲ್ಲಿ ಕೊಡುವವರ ಕೈ ಯಾವಾಗಲೂ ಮೇಲೆ. ಬೇಸ್‌ಮೆಂಟಿನಲ್ಲಿ ಇಬ್ಬರ ಕೈಯೂ ಒಂದೇ ಗಾಡಿಯ ಮೇಲೆ.

ನನ್ನನ್ನು ಹೆಚ್ಚು ಕಾಡುವುದು ಬೇರೆಯೇ ಇದೆ. ಕೇಳುವುದೇನೋ ಸರಿ, ಯಾವ ದನಿಯಲ್ಲಿ? ಪಾರ್ಕಿಂಗ್ ನೋಡಿಕೊಳ್ಳುವವರು ಐವತ್ತು ದಾಟಿದವರು. ಅವರನ್ನು "ಏಯ್, ಬಾರೋ ಇಲ್ಲಿ" ಎಂದು ಕರೆಯುತ್ತಾರೆ. ನಮ್ಮ ತಾತಂದಿರನ್ನು ಊರಲ್ಲಿ ಕರೆಯುತ್ತಿದ್ದದ್ದೂ ಹಾಗೇ. ಜೈ ಭೀಮ್ ಸ್ಟಿಕರ್ ಅಂಟಿಸಿದ ಗಾಡಿಯ ಮೇಲೆ ಕೂತೂ ಹಾಗೆ ಕರೆಯುವವರನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. ಅವರಿಗೂ ನಮ್ಮ ಕೈ ಬೇಕಾಗುತ್ತದಲ್ಲ. ಬೆಳಗ್ಗೆ ಸಾಲು ಸರಿಸುವಾಗ "ಅಣ್ಣಾ, ಒಂದು ಕೈ ಹಾಕಿ" ಅನ್ನುತ್ತಾರೆ. ಆಗ ಬ್ಯಾಗು ಕೆಳಗಿಟ್ಟು ಹಿಡಿಯಬೇಕು, ಡ್ಯೂಟಿಗೆ ಐದು ನಿಮಿಷ ತಡವಾದರೂ.

ಜೈ ಭೀಮ್.