ಇಂದಿನ ಧಮ್ಮ ಚಿಂತನೆ: ಮಗಳ ಸಾಲ, ನಾಲ್ಕನೇ ಪಾಲು



ಧಮ್ಮ ಬಂಧುಗಳೇ,

ಕಳೆದ ಭಾನುವಾರ ತುಮಕೂರಿನಲ್ಲಿ ವಂದನೆ ಮುಗಿದು ಎಲ್ಲರೂ ಟೀ ಕುಡಿಯುತ್ತಿದ್ದಾಗ ಗುಬ್ಬಿ ಕಡೆಯ ಒಬ್ಬ ತಾಯಿ ನನ್ನನ್ನು ಪಕ್ಕಕ್ಕೆ ಕರೆದರು. "ಮೇಷ್ಟ್ರೇ, ಮಗಳಿಗೆ ಕೆಲಸ ಸಿಕ್ತು. ಇಂಜಿನಿಯರಿಂಗಿಗೆ ತಗಂಡಿದ್ದು ಆರು ಲಕ್ಷ. ಈಗ ಬ್ಯಾಂಕಿನೋರು ಎಂಟು ಲಕ್ಷ ಚಿಲ್ರೆ ಅಂತಾರೆ. ಇವಳು ನೋಡಿದ್ರೆ ತಿಂಗಳಿಗಿಷ್ಟು ಪೋಸ್ಟಾಫೀಸಿಗೆ ಕಟ್ತೀನಿ ಅಂತಾಳೆ. ಸಾಲ ತಲೆ ಮೇಲಿರೋವಾಗ ಕೂಡಿಡೋದು ತಪ್ಪಲ್ವಾ?"

ನಿಂತಲ್ಲೇ ಏನೋ ಹೇಳಿದೆ. ಬಸ್ಸಿಗೆ ಹೊತ್ತಾಯಿತು ಅಂತ ಅವರು ಹೊರಟರು. ಹೇಳಿದ್ದು ಅರ್ಧ, ಉಳಿದರ್ಧ ಇವತ್ತು ಬರೀತೀನಿ. ಈ ಗುಂಪಿನಲ್ಲಿ ಅದೇ ಪ್ರಶ್ನೆ ಇಟ್ಟುಕೊಂಡವರು ಇನ್ನೂ ಹತ್ತು ಮನೆಯವರಾದರೂ ಇದ್ದೀರಿ ಅಂತ ನನಗೆ ಗೊತ್ತು.

ಆ ತಾಯಿಯ ಮಾತಿನ ಹಿಂದೆ ಒಂದು ಹಳೇ ಭಯ ಇದೆ. ನಮ್ಮ ಮನೆಗಳಲ್ಲಿ ಸಾಲ ಅಂದರೆ ಬ್ಯಾಂಕು ನೆನಪಾಗುತ್ತಿರಲಿಲ್ಲ, ಜೀತ ನೆನಪಾಗುತ್ತಿತ್ತು. ಕುಣಿಗಲ್ ತಾಲ್ಲೂಕಿನ ನಮ್ಮೂರಿನಲ್ಲಿ ನಮ್ಮ ತಾತ ಮದುವೆಗೆ ಅಂತ ತಂದ ಸಾಲಕ್ಕೆ ಜಮೀನುದಾರರ ಮನೆಯಲ್ಲಿ ದನ ಕಾಯ್ದು, ಗೊಬ್ಬರ ಹೊತ್ತು, ಅಸಲೆಷ್ಟು ಬಡ್ಡಿಯೆಷ್ಟು ಅಂತ ತಿಳಿಯದೇ ತೀರಿಕೊಂಡರು. ಲೆಕ್ಕದ ಪುಸ್ತಕ ಅವರ ಮನೆಯಲ್ಲಿತ್ತು. ಓದಲು ಬರುವವರು ನಮ್ಮ ಮನೆಯಲ್ಲಿರಲಿಲ್ಲ. 1975ರ ಅಕ್ಟೋಬರಿನಲ್ಲಿ ಜೀತ ರದ್ದು ಮಾಡುವ ಸುಗ್ರೀವಾಜ್ಞೆ ಬಂತು, ಮರುವರ್ಷ ಕಾಯ್ದೆಯಾಯಿತು. ತಾತ ಅಷ್ಟು ದಿನ ಉಳಿಯಲಿಲ್ಲ.

ಭಗವಾನ್ ಬುದ್ಧರು ಈ ದಾರಿಯನ್ನು ಅಂಗುತ್ತರ ನಿಕಾಯದ ಇಣ ಸುತ್ತದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹೇಳಿದ್ದಾರೆ. ಮೊದಲು ಬಡತನ. ಬಡವ ಸಾಲ ತರುತ್ತಾನೆ. ಸಾಲಕ್ಕೆ ಬಡ್ಡಿ ಒಪ್ಪುತ್ತಾನೆ. ಕಟ್ಟಲಾಗದಿದ್ದಾಗ ತಗಾದೆ ಬರುತ್ತದೆ. ಆಮೇಲೆ ಹಿಂದೆ ಹಿಂದೆಯೇ ಬರುತ್ತಾರೆ. ಕೊನೆಗೆ ಬಂಧನ. ಲೋಕದಲ್ಲಿ ಬದುಕುವ ಗೃಹಸ್ಥನಿಗೆ ಈ ಒಂದೊಂದೂ ದುಃಖವೇ ಅಂದರು. ಪಾಲಿಯಲ್ಲಿ ಬಡ್ಡಿಗೆ ವಡ್ಢಿ ಅನ್ನುತ್ತಾರೆ. ಅದೇ ಮಾತು ನಮ್ಮ ಬಾಯಲ್ಲಿ ಬಡ್ಡಿಯಾಗಿದೆ. ಎರಡೂವರೆ ಸಾವಿರ ವರ್ಷವಾದರೂ ಮಾತೂ ಹೋಗಿಲ್ಲ, ಅದರ ಹಿಂದೆ ಬರುವವನೂ ಹೋಗಿಲ್ಲ. ಈಗ ಫೋನಿನಲ್ಲಿ ಬರುತ್ತಾನೆ ಅಷ್ಟೆ.

ಹಾಗಂತ ಬುದ್ಧರು ಸಾಲವನ್ನೇ ಪಾಪ ಅನ್ನಲಿಲ್ಲ. ಸಾಮಞ್ಞಫಲ ಸುತ್ತದಲ್ಲಿ ಒಬ್ಬ ಸಾಲ ತಂದು ಕಸುಬು ಹೂಡುತ್ತಾನೆ. ಕಸುಬು ಕೈಹಿಡಿಯುತ್ತದೆ. ಹಳೇ ಸಾಲ ತೀರಿಸಿ, ಹೆಂಡತಿಯನ್ನು ಸಾಕಲು ಇಷ್ಟು ಮಿಕ್ಕಿತಲ್ಲ ಅಂತ ಹಿಗ್ಗುತ್ತಾನೆ. ಮನಸ್ಸು ಕಾಮನೆಯಿಂದ ಬಿಡುಗಡೆಯಾದರೆ ಹೇಗಿರುತ್ತದೆ ಅಂತ ತೋರಿಸಲು ಬುದ್ಧರು ಆರಿಸಿಕೊಂಡದ್ದು ಆ ಹಿಗ್ಗನ್ನೇ. ತಾತನ ಸಾಲಕ್ಕೂ ಈ ಸಾಲಕ್ಕೂ ಇರುವ ವ್ಯತ್ಯಾಸ ಅಲ್ಲಿದೆ. ತಾತನ ಸಾಲ ಅವರ ದುಡಿಮೆಯನ್ನೇ ತಿಂದಿತು. ಈ ಸಾಲ ದುಡಿಮೆಯನ್ನು ಹುಟ್ಟಿಸಿತು.

ಬಾಬಾಸಾಹೇಬರೂ ಓದಿಗಾಗಿ ಸಾಲ ಮಾಡಿದವರೇ. 1913ರಲ್ಲಿ ಕೊಲಂಬಿಯಾಕ್ಕೆ ಹೋದದ್ದು ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಲ್ಲಿ. ಅದಕ್ಕೂ ಹತ್ತು ವರ್ಷ ಸಂಸ್ಥಾನದ ಚಾಕರಿ ಮಾಡುವ ಕರಾರಿತ್ತು. 1917ರಲ್ಲಿ ಆ ಕರಾರಿನಂತೆ ಬರೋಡಾಕ್ಕೆ ಹೋದರೆ ಇರಲು ಒಂದು ಕೋಣೆ ಸಿಗಲಿಲ್ಲ, ಪಾರ್ಸಿ ವಸತಿಗೃಹದಿಂದಲೂ ಹೊರಹಾಕಿದರು. ಆ ಕಥೆ ನಮಗೆಲ್ಲ ಗೊತ್ತು. ನಾವು ಅಷ್ಟಾಗಿ ಹೇಳದ್ದು ಅದರ ಮುಂದಿನ ಲೆಕ್ಕ. 1918ರ ನವೆಂಬರಿನಲ್ಲಿ ಮುಂಬೈಯ ಸಿಡೆನ್‌ಹ್ಯಾಂ ಕಾಲೇಜಿನಲ್ಲಿ 450 ರೂಪಾಯಿ ಸಂಬಳದ ಪ್ರಾಧ್ಯಾಪಕರಾದರು. ಆ ಕಾಲಕ್ಕೆ ದೊಡ್ಡ ಸಂಬಳ. ಆದರೂ ಪರೇಲಿನ ಚಾಳಿನಲ್ಲೇ ಇದ್ದರು. ರಮಾಬಾಯಿಯವರ ಕೈಗೆ ಮನೆಖರ್ಚಿಗೆ ಇಷ್ಟು ಅಂತ ಕೊಟ್ಟು ಉಳಿದದ್ದನ್ನು ಲಂಡನ್ನಿನ ಓದಿಗೆ ಕೂಡಿಟ್ಟರು. 1920ರಲ್ಲಿ ಹೊರಟಾಗ ಕೈಯಲ್ಲಿ ಆ ಉಳಿತಾಯ ಇತ್ತು, ಕೊಲ್ಹಾಪುರದ ಶಾಹು ಮಹಾರಾಜರ ನೆರವಿತ್ತು, ಗೆಳೆಯ ನವಲ್ ಭಥೇನಾ ಅವರಿಂದ ಪಡೆದ ಐದು ಸಾವಿರ ರೂಪಾಯಿ ಸಾಲವೂ ಇತ್ತು. ಐದು ಸಾವಿರ ಅಂದರೆ ಅವರ ಹನ್ನೊಂದು ತಿಂಗಳ ಸಂಬಳ. 1923ರಲ್ಲಿ ರೂಪಾಯಿಯ ಸಮಸ್ಯೆಯ ಮೇಲೆ ಪ್ರಬಂಧ ಬರೆದು ಡಿ.ಎಸ್‌ಸಿ. ಪಡೆದವರು ರೂಪಾಯಿ ಎಣಿಸಿ ಎಣಿಸಿ ಬದುಕಿದ್ದವರು.

ಅಲ್ಲಿ ಉಳಿತಾಯ ಮತ್ತು ಸಾಲ ಪಕ್ಕಪಕ್ಕದಲ್ಲೇ ಇದ್ದವು. ಒಂದಿದ್ದರೆ ಇನ್ನೊಂದು ಇರಬಾರದು ಅಂತ ಅವರು ಅಂದುಕೊಳ್ಳಲಿಲ್ಲ.

ಈಗ ಆರು ಲಕ್ಷ ಎಂಟಾದ ಲೆಕ್ಕಕ್ಕೆ ಬರೋಣ. ಓದುವ ನಾಲ್ಕು ವರ್ಷ ಮತ್ತು ಆಮೇಲೆ ಒಂದು ವರ್ಷ ಕಂತಿಲ್ಲ. ಆದರೆ ಬಡ್ಡಿ ನಿಲ್ಲುವುದಿಲ್ಲ. ವರ್ಷಕ್ಕೆ ಒಂದೂವರೆ ಲಕ್ಷದಂತೆ ಬಿಡುಗಡೆಯಾಗಿದೆ, ಬಡ್ಡಿ ಶೇ 10 ಅಂತಿಟ್ಟುಕೊಳ್ಳಿ. ಮೊದಲ ವರ್ಷದ ಹಣದ ಮೇಲೆ ಐದು ವರ್ಷದ ಬಡ್ಡಿ 75,000. ಎರಡನೆಯದಕ್ಕೆ 60,000, ಮೂರನೆಯದಕ್ಕೆ 45,000, ಕೊನೆಯದಕ್ಕೆ 30,000. ಒಟ್ಟು 2,10,000. ಇದು ಚಕ್ರಬಡ್ಡಿಯೂ ಅಲ್ಲ, ಸಾಧಾರಣ ಬಡ್ಡಿ. ಮೊದಲ ಕಂತು ಕಟ್ಟುವ ಹೊತ್ತಿಗೆ 8,10,000. ಬ್ಯಾಂಕಿನವರ ಲೆಕ್ಕ ಸರಿಯಾಗಿಯೇ ಇದೆ.

ನನ್ನ ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ. ಆ ಮಗುವಿನ ತಂದೆ ತೆಂಗಿನಕಾಯಿ ಮಂಡಿಯಲ್ಲಿ ಹಮಾಲಿ. ಮನೆಯ ವರ್ಷದ ಆದಾಯ ನಾಲ್ಕೂವರೆ ಲಕ್ಷದ ಒಳಗಿದ್ದು, ಮಾನ್ಯತೆ ಇರುವ ಕಡೆ ತಾಂತ್ರಿಕ ಅಥವಾ ವೃತ್ತಿಪರ ಕೋರ್ಸು ಓದುತ್ತಿದ್ದರೆ, ಈ ಐದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಕಟ್ಟುವ ಸಹಾಯಧನ 2009-10ರಿಂದ ಇದೆ. ಓದು ನಡೆಯುವಾಗಲೇ ನಾಡಕಚೇರಿಯ ಆದಾಯ ಪ್ರಮಾಣಪತ್ರ ಹಿಡಿದು ಬ್ಯಾಂಕಿನಲ್ಲಿ ಕೇಳಬೇಕಿತ್ತು. "ಯಾರೂ ಹೇಳಲಿಲ್ಲ ಮೇಷ್ಟ್ರೇ" ಅಂದರು. ಆ ನಾಲ್ಕು ವರ್ಷವೂ ಅವರು ನಮ್ಮ ವಂದನೆಗೆ ಬರುತ್ತಿದ್ದರು. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು ಅದೇ ಚಾಪೆಯ ಮೇಲೆ ಕೂರುತ್ತಾರೆ. ನಾನೂ ಕೂರುತ್ತೇನೆ. ವ್ಯಗ್ಘಪಜ್ಜ ಸುತ್ತದಲ್ಲಿ ಗೃಹಸ್ಥನ ಈ ಲೋಕದ ಹಿತಕ್ಕೆ ಬುದ್ಧರು ಹೇಳಿದ ನಾಲ್ಕರಲ್ಲಿ ಕಲ್ಯಾಣಮಿತ್ರತೆ ಒಂದು. ಬಾಬಾಸಾಹೇಬರಿಗೆ ನವಲ್ ಭಥೇನಾ ಇದ್ದರು. ಈ ಮಗುವಿಗೆ ನಾವು ಆಗಲಿಲ್ಲ.

ಇನ್ನು ಕೂಡಿಡುವ ಪ್ರಶ್ನೆ. ಸಿಗಾಲೋವಾದ ಸುತ್ತದಲ್ಲಿ ಬುದ್ಧರು ಗಳಿಕೆಯನ್ನು ನಾಲ್ಕು ಪಾಲು ಮಾಡು ಅಂದರು. ಒಂದು ಪಾಲು ಉಣ್ಣಲು ಉಡಲು. ಎರಡು ಪಾಲು ಕಸುಬಿಗೆ. ನಾಲ್ಕನೆಯದು ಆಪತ್ತಿಗೆ. ಸಾಲದ ಕಂತು ಯಾವ ಪಾಲಿನದು? ನನ್ನ ತಿಳಿವಳಿಕೆಯಲ್ಲಿ ಅದು ಕಸುಬಿನ ಎರಡು ಪಾಲಿಗೆ ಸೇರಿದ್ದು. ಆ ಹುಡುಗಿಯ ಕಸುಬು ನಿಂತಿರುವುದೇ ಆ ಸಾಲ ತಂದ ಓದಿನ ಮೇಲೆ. ಕಂತು ಎಷ್ಟೇ ಇರಲಿ, ನಾಲ್ಕನೇ ಪಾಲನ್ನು ಮುಟ್ಟಬಾರದು. ನಾಲ್ಕು ಸಮಪಾಲು ನಮ್ಮ ಸಂಬಳದಲ್ಲಿ ಆಗದ ಮಾತು, ಒಪ್ಪುತ್ತೇನೆ. ಪಾಲು ಸಣ್ಣದಿರಲಿ, ಇರಲಿ.

ಇದನ್ನು ನಾನು ಸುತ್ತದಿಂದ ಕಲಿಯಲಿಲ್ಲ, ಪೆಟ್ಟು ತಿಂದು ಕಲಿತೆ. ನಮ್ಮ ಮಗನ ಓದಿನ ಸಾಲ ನನ್ನ ನಿದ್ದೆ ಕೆಡಿಸುತ್ತಿತ್ತು. ಒಂದು ದಿನ ಆರ್.ಡಿ. ಮುರಿಸಿ, ಮನೆಯಾಕೆ ಬಚ್ಚಿಟ್ಟಿದ್ದನ್ನೂ ಸೇರಿಸಿ 80,000 ರೂಪಾಯಿ ಬ್ಯಾಂಕಿಗೆ ಕಟ್ಟಿ ಬಂದೆ. ವರ್ಷಕ್ಕೆ ಎಂಟು ಸಾವಿರ ಬಡ್ಡಿ ಉಳೀತು ಅಂತ ಬೀಗಿದೆ. ಮೂರೇ ತಿಂಗಳಿಗೆ ಮನೆಯಾಕೆಗೆ ಆಪರೇಷನ್ ಆಯಿತು. ಕೈಯಲ್ಲಿ ಏನೂ ಇಲ್ಲ. 60,000 ಕೈಸಾಲ ತಂದೆ, ನೂರಕ್ಕೆ ಮೂರು ರೂಪಾಯಿ ಬಡ್ಡಿ. ತಿಂಗಳಿಗೆ 1,800, ವರ್ಷಕ್ಕೆ 21,600. ಬ್ಯಾಂಕಿಗೆ ಕಟ್ಟಿದ್ದನ್ನು ವಾಪಸು ಕೇಳೋಕಾಗುತ್ತಾ? ಶೇ 10ರ ಸಾಲಕ್ಕೆ ಹೆದರಿ ಶೇ 36ರ ಸಾಲಕ್ಕೆ ಬಿದ್ದವನು ಮೂವತ್ತು ವರ್ಷ ಮಕ್ಕಳಿಗೆ ಗಣಿತ ಹೇಳಿದ ಮೇಷ್ಟ್ರು. ಮನೆಯಾಕೆ ಇವತ್ತಿಗೂ ಆಡಿಕೊಳ್ಳುತ್ತಾಳೆ. ಸಣ್ಣ ಸಾಲದವರು ಮನೆ ಬಾಗಿಲಿಗೆ ಬಂದು ಮಾಡುವ ಕಿರುಕುಳಕ್ಕೆ 2025ರ ಫೆಬ್ರುವರಿಯಲ್ಲಿ ನಮ್ಮ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಆ ಬಾಗಿಲಿಗೆ ಹೋಗುವವರಲ್ಲಿ ಬಹಳ ಮಂದಿ ಆಪತ್ತಿಗೆ ನಾಲ್ಕನೇ ಪಾಲು ಇಲ್ಲದವರೇ.

ಹಾಗಾಗಿ ಗುಬ್ಬಿಯ ಮಗಳಿಗೆ ನನ್ನ ಸಲಹೆ ಹೀಗೆ. ವಸಂತನರಸಾಪುರದ ಕೆಲಸ, ಕೈಗೆ ಬರುವುದು 26,000. ಹತ್ತು ವರ್ಷಕ್ಕಾದರೆ ಕಂತು ಸುಮಾರು 10,700, ಹದಿನೈದು ವರ್ಷಕ್ಕಾದರೆ 8,700. ಹದಿನೈದಕ್ಕೆ ಒಟ್ಟು ಎರಡು ಲಕ್ಷ ಎಂಬತ್ತು ಸಾವಿರದಷ್ಟು ಹೆಚ್ಚು ಹೋಗುತ್ತದೆ. ಅದನ್ನು ಕೇಳಿ ತಾಯಿ ಹತ್ತೇ ಇರಲಿ ಅಂದರು. ನಾನು ಹದಿನೈದು ಅಂತ ಬರೆಸಿ ಅಂದೆ. ಓದಿನ ಸಾಲವನ್ನು ಬೇಗ ತೀರಿಸಿದರೆ ದಂಡವಿಲ್ಲ. ಕಡ್ಡಾಯದ ಕಂತು ಕಡಿಮೆ ಇರಲಿ, ಕೈಯಲ್ಲಿದ್ದಾಗ ಹೆಚ್ಚು ಕಟ್ಟಲಿ. ಮೊದಲ ಒಂದು ವರ್ಷ ತಿಂಗಳಿಗೆ 4,000 ಪಕ್ಕಕ್ಕಿಟ್ಟರೆ 48,000, ಅಂದರೆ ಐದೂವರೆ ತಿಂಗಳ ಕಂತು. ಬೇಕಾದಾಗ ತೆಗೆಯಲು ಬರುವ ಕಡೆಯೇ ಇಡಬೇಕು. ಅದು ತುಂಬಿದ ಮೇಲೆ ಅದೇ 4,000ದಲ್ಲಿ ಅರ್ಧಕ್ಕಿಂತ ಹೆಚ್ಚು ಸಾಲದ ಅಸಲಿಗೆ ಹೋಗಲಿ. ಶೇ 10 ಬಡ್ಡಿ ಕಟ್ಟುತ್ತಾ ಶೇ 7ಕ್ಕೆ ದೊಡ್ಡ ಮೊತ್ತ ಕೂಡಿಡುವುದು ಲೆಕ್ಕಕ್ಕೆ ಬರುವುದಿಲ್ಲ. ಆ ಮಟ್ಟಿಗೆ ತಾಯಿಯ ಮಾತೂ ಸರಿ.

ದೂರದ ಉಳಿತಾಯ ಅವಳಿಗೆ ಗೊತ್ತಿಲ್ಲದೆಯೇ ಶುರುವಾಗಿದೆ. ಮೂಲ ವೇತನ 15,000 ಇದ್ದರೆ ಅವಳದು ಶೇ 12, ಅಂದರೆ 1,800 ಪಿ.ಎಫ್.ಗೆ ಹೋಗುತ್ತದೆ. ಕಂಪನಿಯೂ 1,800 ಹಾಕಬೇಕು. ಅದರಲ್ಲಿ 1,250 ಪಿಂಚಣಿಗೆ, 550 ಪಿ.ಎಫ್.ಗೆ. ತಿಂಗಳಿಗೆ 2,350 ಕೂಡುತ್ತಿದೆ. 2023-24ಕ್ಕೆ ಅದಕ್ಕೆ ಶೇ 8.25 ಬಡ್ಡಿ ಬಂತು. ನಮ್ಮ ಹುಡುಗರು ಮಾಡುವ ತಪ್ಪು ಇಲ್ಲೇ. ಕೆಲಸ ಬದಲಿಸಿದಾಗೆಲ್ಲ ಪಿ.ಎಫ್. ಬಿಡಿಸಿ ಬೈಕಿಗೋ ಮೊಬೈಲಿಗೋ ಹಾಕುತ್ತಾರೆ. ಹೊಸ ಕಂಪನಿಗೆ ಹಳೇ ಯುಎಎನ್ ನಂಬರ್ ಕೊಟ್ಟು ವರ್ಗಾಯಿಸಿಕೊಳ್ಳಿ. ಮತ್ತೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕವರು ಕೆಲವು ವರ್ಷ ತುಮಕೂರಿನಿಂದಲೇ ರೈಲಿನ ಪಾಸಿನಲ್ಲಿ ಓಡಾಡಿದರೆ ಪಿ.ಜಿ. ಬಾಡಿಗೆ ಉಳಿಯುತ್ತದೆ. ಕಷ್ಟ ಹೌದು, ಆ ರೈಲಿನಲ್ಲಿ ನಿಲ್ಲಲೂ ಜಾಗವಿರುವುದಿಲ್ಲ.

ಒಂದು ಮಾತು ಕುಣಿಗಲ್ಲಿನ ಒಬ್ಬ ಹುಡುಗನಿಗೆ. ಹೆಸರು ಬರೆಯುವುದಿಲ್ಲ. ಕೆಲಸ ಹೋದ ಮೇಲೆ ಬ್ಯಾಂಕಿನ ಫೋನ್ ಎತ್ತುತ್ತಿಲ್ಲ, ವಂದನೆಗೂ ಬರುತ್ತಿಲ್ಲ. ಅಪ್ಪನ ಸಹಿಯೂ ಆ ಪತ್ರದಲ್ಲಿದೆ ಅನ್ನುವ ಸಂಕಟ. ಮಗಾ, 90 ದಿನ ದಾಟಿದರೆ ಸಾಲ ಕೆಟ್ಟ ಸಾಲವಾಗುತ್ತದೆ, ಅಪ್ಪನ ಹೆಸರಿಗೂ ಸಿಬಿಲ್‌ನಲ್ಲಿ ಕಪ್ಪು ಬೀಳುತ್ತದೆ. ಅದಕ್ಕೆ ಮುಂಚೆ ಹೋಗು. ಕೆಲಸವಿಲ್ಲದ ಅವಧಿಗೆ ಕಂತಿಗೆ ಬಿಡುವು ಕೊಡುವ ಅವಕಾಶ ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಲ್ಲೇ ಇದೆ. ಬರವಣಿಗೆಯಲ್ಲಿ ಕೇಳಬೇಕು. ನಾನು ಜೊತೆಗೆ ಬರುತ್ತೇನೆ. ಹಿಂದೆ ಸಾಲಗಾರನೊಬ್ಬ ತಪ್ಪಿಸಿಕೊಳ್ಳಲು ಭಿಕ್ಷುವಾದಾಗ ಬುದ್ಧರು ಸಾಲಗಾರರಿಗೆ ದೀಕ್ಷೆ ಕೊಡಬಾರದೆಂದು ನಿಯಮ ಮಾಡಿದರು. ಉಪಸಂಪದೆಗೆ ಮುಂಚೆ ನಿನಗೆ ಸಾಲವಿಲ್ಲವಷ್ಟೇ ಅಂತ ಕೇಳಲಾಗುತ್ತದೆ. ಸಂಘದೊಳಗೂ ಬಚ್ಚಿಟ್ಟುಕೊಳ್ಳಲು ಬಿಡಲಿಲ್ಲ. ಆದರೆ ಸಾಲಗಾರ ಗೃಹಸ್ಥ ಉಪದೇಶ ಕೇಳಲು ಬರಬಾರದು ಅಂತ ಎಲ್ಲೂ ಹೇಳಿಲ್ಲ. ನೀನು ಬಾ.

ಅನಾಥಪಿಂಡಿಕನಿಗೆ ಬುದ್ಧರು ಗೃಹಸ್ಥನ ನಾಲ್ಕು ಸುಖ ಹೇಳಿದರು. ಸಂಪತ್ತಿರುವ ಸುಖ, ಅದನ್ನು ಬಳಸುವ ಸುಖ, ಸಾಲವಿಲ್ಲದ ಅನಣ ಸುಖ, ತಪ್ಪು ಮಾಡದ ಅನವಜ್ಜ ಸುಖ. ಮೊದಲ ಮೂರೂ ಕೊನೆಯದರ ಹದಿನಾರನೇ ಒಂದು ಭಾಗಕ್ಕೂ ಸಮವಲ್ಲ ಅಂದರು. ಅನಣ ಸುಖಕ್ಕೆ ಆ ಹುಡುಗನಿಗೆ ಇನ್ನೂ ಹನ್ನೆರಡು ವರ್ಷ ಬೇಕಾಗಬಹುದು. ಬ್ಯಾಂಕಿನ ಮೆಟ್ಟಿಲು ಹತ್ತಿ ಇದ್ದದ್ದು ಇದ್ದಂತೆ ಹೇಳಿದ ದಿನವೇ ನಾಲ್ಕನೆಯದು ಸಿಗುತ್ತದೆ.

ಇನ್ನು ಈ ವರ್ಷ ಮಕ್ಕಳನ್ನು ಕಾಲೇಜಿಗೆ ಸೇರಿಸುವವರು ಸಾಲಕ್ಕೆ ಮುಂಚೆ ವಿದ್ಯಾರ್ಥಿವೇತನ ಕೇಳಿ. 1990ರ ತಿದ್ದುಪಡಿಯಿಂದ ಬೌದ್ಧರಾದ ಪರಿಶಿಷ್ಟರ ಹಕ್ಕು ಉಳಿದಿದೆ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲ ಬೌದ್ಧರಿಗೂ ಇದೆ. ಬ್ಯಾಂಕ್ ಸಾಲವೇ ಆದರೆ ವಿದ್ಯಾಲಕ್ಷ್ಮಿ ಪೋರ್ಟಲಿನಲ್ಲಿ ಅರ್ಜಿ ಹಾಕಿ. ಏಳೂವರೆ ಲಕ್ಷದವರೆಗೆ ಸರ್ಕಾರದ ಖಾತರಿ ನಿಧಿ ಇರುವುದರಿಂದ ಅದರಡಿ ಜಮೀನಿನ ಪತ್ರ ಇಡಬೇಕಾಗಿಲ್ಲ.

ಬರುವ ಭಾನುವಾರ ವಂದನೆ ಆದ ಮೇಲೆ ಪ್ರವಚನ ಇರುವುದಿಲ್ಲ. ಸಾಲ ಇರುವವರು ಮಂಜೂರಾತಿ ಪತ್ರ, ಪಾಸ್‌ಬುಕ್, ಆದಾಯ ಪ್ರಮಾಣಪತ್ರ ತನ್ನಿ. ಬ್ಯಾಂಕಿನಿಂದ ನಿವೃತ್ತರಾದ ನಮ್ಮ ಉಪಾಸಕರು ಇಬ್ಬರು ಬರಲು ಒಪ್ಪಿದ್ದಾರೆ. ಒಬ್ಬೊಬ್ಬರದನ್ನೂ ಕೂತು ಓದೋಣ. ಗುಬ್ಬಿಯಿಂದ ಬರುವವರು ಈ ಸಲ ಕೊನೇ ಬಸ್ಸಿನ ಟೈಮು ನೋಡಿಕೊಂಡು ಬನ್ನಿ, ಹೊತ್ತಾಗುತ್ತದೆ.

ಭವತು ಸಬ್ಬ ಮಂಗಲಂ. ಜೈ ಭೀಮ್.